ಎಲೆಕ್ಟ್ರಿಕ್ ಗಿಟಾರಿಗೆ ಯಾವ ಫ್ರೆಟ್ ಹಾಕಿಸುದು? ಕಾಸರಗೋಡು ಕಡೆಯ ಗಿಟಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಗಾನಮೇಳದಲ್ಲಿ ಬಾರಿಸುವವರು, ಚರ್ಚ್ ಕ್ವಾಯರಿನ ಹುಡುಗರು, ಕರ್ನಾಟಕ ಸಂಗೀತ ಕಲಿತು ಈಗ ಅದನ್ನೇ ಗಿಟಾರಲ್ಲಿ ನುಡಿಸ್ಬೇಕು ಅಂತಿರುವವರು, ಮತ್ತೆ ಗಲ್ಫಿಂದ ರಜೆಗೆ ಬರುವಾಗ ಗಿಟಾರ್ ಹೊತ್ಕೊಂಡು ಬರುವವರು, ಇವರೆಲ್ಲ ಫ್ರೆಟ್ ಬಗ್ಗೆ, ಅಂದ್ರೆ ಗಿಟಾರಿನ ನೆಕ್ (ಉದ್ದ ಕತ್ತು) ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳ ಬಗ್ಗೆ, ಕೇಳುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು. ಇಂಟರ್ನೆಟ್ಟಲ್ಲಿ ಸಿಗುವ ಉತ್ತರ ಹೆಚ್ಚಿನದು ಅಮೇರಿಕದ, ಯುರೋಪಿನ ಹವೆಗೆ ಬರ್ದದ್ದು. ಇಲ್ಲಿ ಸಮುದ್ರ ಹತ್ರ ಉಂಟು, ಜೂನಿಂದ ಸೆಪ್ಟೆಂಬರ್ ತನಕ ಮಳೆ ಬಿಡುದಿಲ್ಲ, ಹಾಗಾಗಿ ನಮ್ಮ ಊರಿಗೆ ಹೊಂದುವ ಹಾಗೆ ಇಲ್ಲಿ ಬರ್ದಿದ್ದೇನೆ.

ಫ್ರೆಟ್ಟಿಗೆ ಯಾವ್ಯಾವ ಲೋಹ ಉಂಟು?

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಗಿಟಾರಲ್ಲಿ ಇರುದು ನಿಕಲ್ ಸಿಲ್ವರ್. ತಾಮ್ರ, ನಿಕಲ್, ಸತು ಸೇರಿದ ಮಿಶ್ರಲೋಹ ಅದು, ಬೆಳ್ಳಿ ಚೂರೂ ಇಲ್ಲ. ಒಳ್ಳೇ ಫ್ರೆಟ್ ವೈರಲ್ಲಿ ನಿಕಲ್ 18% ಇರ್ತದೆ, ಕಮ್ಮಿ ರೇಟಿನದ್ದರಲ್ಲಿ 12% ಇರುದೂ ಉಂಟು. ಎರಡನೇದು ಸ್ಟೇನ್‌ಲೆಸ್ ಸ್ಟೀಲ್. ಮೂರನೇದು ಇವೊ ಗೋಲ್ಡ್ ಅಂತ ಹೇಳುವ ತೆಳು ಚಿನ್ನದ ಬಣ್ಣದ್ದು, ಅದರಲ್ಲಿ ತಾಮ್ರ, ತವರ, ಸ್ವಲ್ಪ ಕಬ್ಬಿಣ, ಒಂಚೂರು ಟೈಟೇನಿಯಂ ಇರ್ತದೆ, ನಿಕಲ್ ಇಲ್ಲವೇ ಇಲ್ಲ. ಮೊದ್ಲು ಅದನ್ನು ಕನ್ನಡಕದ ಫ್ರೇಮಿಗೆ ಅಂತ ಮಾಡಿದ್ದು, ಗಿಟಾರಿಗೆ ಬಂದದ್ದು ಆಮೇಲೆ.

ಗಟ್ಟಿತನ ಅಳೆಯುವ ವಿಕರ್ಸ್ ಲೆಕ್ಕದಲ್ಲಿ ನಿಕಲ್ ಸಿಲ್ವರ್ ಸುಮಾರು 200ರ ಹತ್ರ, ಇವೊ 250, ಸ್ಟೇನ್‌ಲೆಸ್ 300ರ ಆಸುಪಾಸು. ಲೋಹದ ಆಯ್ಕೆಯಲ್ಲಿ ಮುಖ್ಯ ವಿಷ್ಯ ಈ ಗಟ್ಟಿತನವೇ, ಸವೆತ, ಖರ್ಚು, ಕೆಲ್ಸದ ಕಷ್ಟ ಎಲ್ಲ ಅದ್ರಿಂದಲೇ ಬರುದು.

ವೀಣೆಗೆ ಹಾಕುವ ಹಾಗೆ ಹಿತ್ತಾಳೆ ಹಾಕಿದ್ರೆ ಆಗ್ತದಾ?

ಹಳೇ ಕಾಲದ ಗಿಟಾರಲ್ಲಿ, ಬ್ಯಾಂಜೋದಲ್ಲಿ ಹಿತ್ತಾಳೆ ಫ್ರೆಟ್ ಇತ್ತು. ಈಗ ಎಲೆಕ್ಟ್ರಿಕ್ ಗಿಟಾರಿಗೆ ಅದು ಬೇಡ. ಸ್ಟೀಲ್ ತಂತಿಯ ಕೆಳಗೆ ಹಿತ್ತಾಳೆ ಬೇಗ ಗುಳಿ ಬೀಳ್ತದೆ. ವೀಣೆಯ ಮಾತು ಬೇರೆ, ಅದ್ರ 24 ಮೆಟ್ಟಿಲು ಕೂತಿರುದು ಮೇಣದ ಮೇಲೆ, ಸವೆದ್ರೆ, ಸ್ಥಾನ ತಪ್ಪಿದ್ರೆ ಮೇಳ ಕಟ್ಟುವವರ ಹತ್ರ ಕೊಟ್ರೆ ಪೂರ್ತಿ ಹೊಸದಾಗಿ ಕೂರಿಸಿ ಕೊಡ್ತಾರೆ. ಗಿಟಾರಲ್ಲಿ ಫ್ರೆಟ್ ಮರದ ಸೀಳಿಗೆ ಬಡಿದು ಕೂರಿಸಿದ್ದು, ಒಮ್ಮೆ ಕೀಳಿದ್ರೆ ಮರಕ್ಕೂ ಒಂಚೂರು ಪೆಟ್ಟು ಆಗಿಯೇ ಆಗ್ತದೆ. ಅದಕ್ಕೇ ಇಲ್ಲಿ ಬಾಳಿಕೆ ಅಷ್ಟು ಮುಖ್ಯ.

ಪಯ್ಯನ್ನೂರು ಹತ್ರ ಕುಂಞಿಮಂಗಲದಲ್ಲಿ ಕಂಚಿನ ಕೆಲ್ಸದವರು ಇದ್ದಾರಲ್ಲ, ಅವರ ಹತ್ರ ಫ್ರೆಟ್ ಎರಕ ಹೊಯ್ಸಿದ್ರೆ?

ಅವರ ಕೈಕೆಲ್ಸದ ಬಗ್ಗೆ ನನಗೆ ತುಂಬ ಗೌರವ ಉಂಟು, ಆದ್ರೆ ಫ್ರೆಟ್ ಎರಕದ ವಸ್ತು ಅಲ್ಲ. ಲೋಹವನ್ನು ಎಳೆದು, ರೋಲರಲ್ಲಿ ಒತ್ತಿ ಉದ್ದ ವೈರ್ ಮಾಡುದು, ಹಾಗೆ ಒತ್ತುವಾಗಲೇ ಅದು ಗಟ್ಟಿ ಆಗುದು. ವೈರನ್ನು ಅಡ್ಡ ಕತ್ತರಿಸಿ ನೋಡಿದ್ರೆ ಅಣಬೆಯ ಆಕಾರ ಕಾಣ್ತದೆ, ಮೇಲೆ ಗುಮ್ಮಟ, ಕೆಳಗೆ ಮರದೊಳಗೆ ಹೋಗುವ ಕಾಲು, ಆ ಕಾಲಿಗೆ ಟ್ಯಾಂಗ್ ಅಂತಾರೆ, ಅದರ ಬದಿಯಲ್ಲಿ ಸಣ್ಣ ಸಣ್ಣ ಮುಳ್ಳು ಇರ್ತದೆ ಮರ ಹಿಡ್ಕೊಳ್ಳಿಕ್ಕೆ. ಮಾರ್ಟಿನ್ ಕಂಪೆನಿಯವರು 1934ರ ತನಕ ಬರೀ ಪಟ್ಟಿಯ ಹಾಗಿನ ಬಾರ್ ಫ್ರೆಟ್ ಹಾಕ್ತಿದ್ರು, ಆಮೇಲೆ ಈ ಟಿ ಆಕಾರಕ್ಕೆ ಬಂದ್ರು. ಟ್ಯಾಂಗಿನ ದಪ್ಪ ಸಾಮಾನ್ಯ 0.5 ಮಿ.ಮೀ., ಮರದ ಸೀಳು 0.58 ಮಿ.ಮೀ. ಹತ್ರ, ಇಷ್ಟು ಸೂಕ್ಷ್ಮ ಲೆಕ್ಕದಲ್ಲಿ 22 ಫ್ರೆಟ್ಟೂ ಒಂದೇ ಎತ್ತರ ಬರ್ಬೇಕು, ಅದು ಎರಕದಲ್ಲಿ ಬರುದಿಲ್ಲ.

ಸ್ಟೇನ್‌ಲೆಸ್ ಹಾಕಿದ್ರೆ ಸೌಂಡ್ ಕರ್ಕಶ ಆಗ್ತದಂತೆ, ಹೌದಾ?

ಇದು ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ. ಬೆರಳು ಒತ್ತಿದಾಗ ತಂತಿಯ ಒಂದು ತುದಿ ಫ್ರೆಟ್ಟಿನ ಮೇಲೆ ಕೂರ್ತದೆ, ಗಟ್ಟಿ ಲೋಹ ಆದ್ರೆ ಪಿಕ್ ಹೊಡೆದ ಕ್ಷಣದ ಆ 'ಟಿಂಗ್' ಒಂದು ಎಳೆ ಚುರುಕಾಗಿ ಕೇಳುದು ಉಂಟು, ಆಂಪ್ ಹಾಕದೆ ಮನೆಯಲ್ಲಿ ಬಾರಿಸಿದ್ರೆ ಗೊತ್ತಾಗ್ಲೂಬಹುದು. ಆದ್ರೆ ಪಿಕಪ್ ಹಿಡಿಯುದು ತಂತಿಯ ಅಲುಗಾಟವನ್ನು, ಆಮೇಲೆ ಪೆಡಲು, ಆಂಪು, ಸ್ಪೀಕರು, ಸಭಾಭವನದ ಗೋಡೆ, ಇಷ್ಟೆಲ್ಲ ದಾಟಿ ಕೇಳುವವರ ಕಿವಿಗೆ ಹೋಗುವಾಗ ಆ ವ್ಯತ್ಯಾಸ ಉಳಿಯುದಿಲ್ಲ ಅಂತಲೇ ನನ್ನ ಅಭಿಪ್ರಾಯ. ಸ್ಟ್ರಿಂಗ್ ಹೊಸತಾ ಹಳತಾ ಅನ್ನುದು ಫ್ರೆಟ್ಟಿನ ಲೋಹಕ್ಕಿಂತ ಎಷ್ಟೋ ಪಾಲು ಹೆಚ್ಚು ಸೌಂಡ್ ಬದ್ಲಿಸ್ತದೆ. ಟೋನ್ ನಾಬನ್ನು ಒಂಚೂರು ತಿರುಗಿಸಿದ್ರೆ ಅದ್ಕಿಂತ ದೊಡ್ಡ ವ್ಯತ್ಯಾಸ ಬರ್ತದೆ. ಹಾಗಾಗಿ ಸೌಂಡಿನ ಹೆದರಿಕೆಯಿಂದ ಸ್ಟೇನ್‌ಲೆಸ್ ಬೇಡ ಹೇಳ್ಬೇಡಿ, ಸೌಂಡ್ ಚೆಂದ ಆಗ್ತದೆ ಅಂತ ಹಾಕಿಸ್ಲಿಕ್ಕೂ ಹೋಗ್ಬೇಡಿ.

ಮತ್ತೆ ಸ್ಟೇನ್‌ಲೆಸ್ಸಿಂದ ಪ್ರಯೋಜನ ಎಂತ?

ಎರಡು. ಸವೆಯುದು ಬಹಳ ನಿಧಾನ, ಮತ್ತೆ ಬೆಂಡ್ ಮಾಡುವಾಗ, ಅಂದ್ರೆ ತಂತಿಯನ್ನು ಅಡ್ಡ ಎಳೆದು ಸ್ವರ ಏರಿಸುವಾಗ, ತಂತಿ ಜಾರುವ ಸುಖ.

ನಿಕಲ್ ಸಿಲ್ವರನ್ನೂ ಪಾಲಿಶ್ ಮಾಡಿ ಕೊಟ್ರೆ ಮೊದ್ಲ ಕೆಲವು ವಾರ ಅಷ್ಟೇ ನುಣುಪು ಇರ್ತದೆ. ಆದ್ರೆ ಅದ್ರಲ್ಲಿ ತಾಮ್ರ ಉಂಟಲ್ಲ, ನಮ್ಮ ಕಡೆಯ ಉಪ್ಪು ಗಾಳಿ, ಬೆವರು, ಮಳೆಗಾಲದ ತೇವ ಮೂರೂ ಸೇರಿದ್ರೆ ಬೇಗ ಮಂಕಾಗ್ತದೆ, ಬದಿಯಲ್ಲಿ ಹಸಿರು ಕಿಲುಬು ಕೂಡ ಕೂರ್ತದೆ, ಎರಡು ವಾರ ಗಿಟಾರ್ ಮುಟ್ಟದೆ ಇಟ್ಟು ಮತ್ತೆ ಬೆಂಡ್ ಮಾಡಿದ್ರೆ ತಂತಿ ಕರಕರ ಅಂತದೆ. ಸ್ಟೇನ್‌ಲೆಸ್ಸಲ್ಲಿ ಈ ತೊಂದ್ರೆ ಇಲ್ಲ, ಒಮ್ಮೆ ಕನ್ನಡಿಯ ಹಾಗೆ ಪಾಲಿಶ್ ಆದದ್ದು ಹಾಗೆಯೇ ಉಳೀತದೆ. ಉಪ್ಪಳ, ಕುಂಬಳೆ, ಬೇಕಲ ಹೀಗೆ ಕಡಲಿನ ಬದಿಯಲ್ಲೇ ಮನೆ ಇರುವವರಿಗೆ ಸವೆತಕ್ಕಿಂತ ಈ ಕಾರಣವೇ ದೊಡ್ಡದು ಅಂತ ನನಗೆ ಅನಿಸುದು.

ನಾನು ಕರ್ನಾಟಕ ಸಂಗೀತ ನುಡಿಸುದು, ಗಮಕಕ್ಕೆ ಯಾವುದು ಒಳ್ಳೆದು?

ಸ್ಟೇನ್‌ಲೆಸ್, ಮತ್ತೆ ಎತ್ತರದ ಫ್ರೆಟ್. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ನಮ್ಮ ಕಡೆ ಈಗ ಇದನ್ನು ನುಡಿಸುವವರು ಇದ್ದಾರೆ, ಆದ್ರೆ ಅವರನ್ನು ಲೆಕ್ಕಕ್ಕೆ ಹಿಡಿದು ಬರ್ದ ಸಲಹೆ ಎಲ್ಲೂ ಸಿಗುದಿಲ್ಲ.

ಬ್ಲೂಸ್, ರಾಕ್ ಬಾರಿಸುವವರು ಒಂದು ಹಾಡಲ್ಲಿ ಅಲ್ಲಲ್ಲಿ ಬೆಂಡ್ ಮಾಡ್ತಾರೆ. ತೋಡಿಯ ಗಾಂಧಾರವನ್ನೋ ಶಂಕರಾಭರಣದ ಮಧ್ಯಮವನ್ನೋ ತಂತಿ ಎಳೆದೇ ನುಡಿಸುವವರು ಅರ್ಧ ಗಂಟೆಯ ಆಲಾಪನೆಯಲ್ಲಿ ಅದೇ ಫ್ರೆಟ್ಟಿನ ಮೇಲೆ ಅದೇ ತಂತಿಯನ್ನು ನೂರಾರು ಸಲ ಅಡ್ಡ ಉಜ್ಜುತ್ತಾರೆ. ಅಡ್ಡ ಉಜ್ಜಿದ್ರೆ ಗುಳಿ ಅಲ್ಲ, ಫ್ರೆಟ್ಟಿನ ತಲೆಯೇ ಚಪ್ಪಟೆ ಆಗುದು. ತಲೆ ಚಪ್ಪಟೆ ಆದ್ರೆ ತಂತಿ ಎಲ್ಲಿ ಮುಟ್ಟುತ್ತದೆ ಅನ್ನುದೇ ಜಾಗ ಬದ್ಲಿಸ್ತದೆ, ಆಗ ಸ್ವರಸ್ಥಾನ ಜಾರ್ತದೆ, ಸಿತಾರಿನ ಹಾಗೆ ಒಂದು ಝೇಂಕಾರವೂ ಸೇರಿಕೊಳ್ತದೆ. ಶ್ರುತಿಯ ವಿಷ್ಯದಲ್ಲಿ ಕಿವಿ ಪಳಗಿದವರಿಗೆ ಇದು ಸಹಿಸ್ಲಿಕ್ಕೆ ಆಗುದಿಲ್ಲ. ನಿಕಲ್ ಸಿಲ್ವರಲ್ಲಿ ಈ ಸ್ಥಿತಿ ಬೇಗ ಬರ್ತದೆ.

ಎತ್ತರ ಯಾಕೆ ಅಂದ್ರೆ, ಫ್ರೆಟ್ ಗಿಡ್ಡ ಇದ್ರೆ ಎಳೆಯುವಾಗ ಬೆರಳ ತುದಿ ಮರಕ್ಕೆ ಉಜ್ಜಿ ತಂತಿ ಕೈತಪ್ಪುತ್ತದೆ. ಎತ್ತರ ಇದ್ರೆ ಬೆರಳು ತಂತಿಯ ಕೆಳಗೆ ಹೋಗಿ ಹಿಡೀತದೆ. ಮರವನ್ನೇ ಕೊರೆದು ಸ್ಕ್ಯಾಲಪ್ ಮಾಡಿಸುವವರೂ ಇದ್ದಾರೆ, ಶಕ್ತಿ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ನುಡಿಸಿದ ಗಿಟಾರ್ ಹಾಗೇ ಇದ್ದದ್ದು. ಆದ್ರೆ ಕೊರೆದ ಮರ ವಾಪಸ್ ಬರುದಿಲ್ಲ, ಮೊದ್ಲು 1.4 ಮಿ.ಮೀ. ಎತ್ತರದ ಫ್ರೆಟ್ ಹಾಕಿಸಿ ನೋಡಿ, ಹೆಚ್ಚಿನವರಿಗೆ ಅದೇ ಸಾಕಾಗ್ತದೆ. ಮೆತ್ತಗೆ ಒತ್ತುವ ಅಭ್ಯಾಸ ಮಾತ್ರ ಮಾಡ್ಲೇಬೇಕು, ಎತ್ತರದ ಫ್ರೆಟ್ಟಲ್ಲಿ ಗಟ್ಟಿ ಒತ್ತಿದ್ರೆ ಸ್ವರ ಮೇಲೆ ಹೋಗ್ತದೆ.

ಸೈಜ್ ನಂಬರ್ ಅರ್ಥವೇ ಆಗುದಿಲ್ಲ, 6105, 6100 ಅಂದ್ರೆ ಎಂತ?

ಡನ್‌ಲಪ್ ಕಂಪೆನಿಯ ನಂಬರಲ್ಲಿ ಅಳತೆ ಅಡಗಿಲ್ಲ, ಬರೀ ನಂಬರ್ ಅದು. 6230 ಅಂದ್ರೆ ಹಳೇ ಫೆಂಡರ್ ರೀತಿಯ ಸಣ್ಣದು, ಅಗಲ ಸುಮಾರು 2 ಮಿ.ಮೀ., ಎತ್ತರ 1.1. 6105 ಅಗಲ 2.3, ಎತ್ತರ 1.4, ಅಂದ್ರೆ ಕಿರಿದು ಆದ್ರೆ ಎತ್ತರ. 6100 ಜಂಬೋ, ಅಗಲ 2.8, ಎತ್ತರ 1.4. 6130 ಅಗಲ 2.7, ಎತ್ತರ ಬರೀ 0.9. ಜೆಸ್ಕಾರ್ ಕಂಪೆನಿಯ ನಂಬರ್ ಓದ್ಲಿಕ್ಕೆ ಸುಲಭ, 55090 ಅಂದ್ರೆ ಎತ್ತರ ಇಂಚಿನ ಸಾವಿರದ 55 ಭಾಗ, ಅಗಲ 90 ಭಾಗ, 57110 ಕೂಡ ಹಾಗೆಯೇ.

ಏನೂ ಗೊತ್ತಾಗದೆ ಇದ್ರೆ 6105 ಅಥವಾ 55090 ಕೇಳಿ. ಕಾರ್ಡಿಗೂ ಆಗ್ತದೆ, ಲೀಡಿಗೂ ಆಗ್ತದೆ, ತಲೆ ಕಿರಿದು ಇರುದ್ರಿಂದ ಸ್ವರವೂ ಸ್ಪಷ್ಟ. 22 ಫ್ರೆಟ್ಟಿಗೆ ವೈರ್ ಒಟ್ಟು ಸುಮಾರು 1.3 ಮೀಟರ್ ಬೇಕು, ಕತ್ತರಿಸುವಾಗ ಹಾಳಾಗುದೂ ಉಂಟು, 6 ಅಡಿ ತಗೊಂಡ್ರೆ ಧೈರ್ಯ.

ಸ್ಟೇನ್‌ಲೆಸ್ ತಂತಿಯನ್ನು ತಿನ್ನುತ್ತದೆ ಅಂತಾರಲ್ಲ?

ನಮ್ಮೂರಲ್ಲಿ ಈ ಚಿಂತೆ ಬೇಡ. ಫ್ರೆಟ್ ತಿನ್ನುವ ಮೊದ್ಲೇ ಸ್ಟ್ರಿಂಗ್ ತುಕ್ಕು ಹಿಡಿದು ಸತ್ತಿರ್ತದೆ. ನಿಜವಾದ ತೊಂದ್ರೆ ಇದ್ರ ಉಲ್ಟಾ, ತುಕ್ಕು ಹಿಡಿದ ತಂತಿ ನಿಕಲ್ ಸಿಲ್ವರ್ ಫ್ರೆಟ್ಟಿಗೆ ಅರ ಉಜ್ಜಿದ ಹಾಗೆ ಕೆಲ್ಸ ಮಾಡ್ತದೆ. ಸುತ್ತು ಇಲ್ಲದ ಮೇಲಿನ ಮೂರು ತಂತಿ ತೆಳು, ಗಟ್ಟಿ ಸ್ಟೀಲು, ಅದ್ರ ಕೆಳಗೇ ಮೊದ್ಲು ಗುಳಿ ಬೀಳುದು, ಅದೂ ಮೊದ್ಲ ಐದು ಫ್ರೆಟ್ಟಲ್ಲಿ. ಜೂನ್ ಬಂತು ಅಂದ್ರೆ ಬಾರಿಸಿ ಆದ ಕೂಡ್ಲೇ ಒಣ ಹತ್ತಿ ಬಟ್ಟೆಯಲ್ಲಿ ತಂತಿ ಮೇಲೂ ಕೆಳಗೂ ಒರೆಸಿ, ಕೇಸಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬಣ್ಣ ಬದ್ಲಿದ್ರೆ ಪೊಟ್ಟಣ ಬದ್ಲಿಸಿ. ಇಷ್ಟು ಮಾಡಿದ್ರೆ ನಿಕಲ್ ಸಿಲ್ವರೂ ತುಂಬ ವರ್ಷ ಬರ್ತದೆ.

ಹಾಗಾದ್ರೆ ಎಲ್ಲರೂ ಸ್ಟೇನ್‌ಲೆಸ್ಸೇ ಹಾಕಿಸ್ಬಹುದಲ್ಲ, ತಡೆ ಎಂತ?

ತಡೆ ಲೋಹದ್ದಲ್ಲ, ಕೈಯದ್ದು.

ಸ್ಟೇನ್‌ಲೆಸ್ ವೈರ್ ಬಗ್ಗುದಿಲ್ಲ, ಬಗ್ಗಿಸಿದ್ರೂ ವಾಪಸ್ ಹಾರ್ತದೆ. ಫಿಂಗರ್‌ಬೋರ್ಡಿನ (ಫ್ರೆಟ್ ಕೂರಿಸುವ ಮರದ ಹಲಗೆ) ಮೇಲ್ಮೈ ಸಪಾಟಾಗಿಲ್ಲ, ಅಡ್ಡಕ್ಕೆ ನೋಡಿದ್ರೆ ಕಮಾನು ಉಂಟು, ಹಳೇ ಫೆಂಡರಲ್ಲಿ ಆ ಕಮಾನಿನ ರೇಡಿಯಸ್ 7.25 ಇಂಚು, ಈಗಿನ ಫೆಂಡರಲ್ಲಿ 9.5, ಗಿಬ್ಸನ್ನಲ್ಲಿ 12. ನಂಬರ್ ಸಣ್ಣ ಆದಷ್ಟು ಬಾಗು ಹೆಚ್ಚು, ಸ್ಟೇನ್‌ಲೆಸ್ ಕೂರಿಸ್ಲಿಕ್ಕೆ ಕಷ್ಟವೂ ಹೆಚ್ಚು. ವೈರನ್ನು ಬೋರ್ಡಿಗಿಂತ ಒಂಚೂರು ಹೆಚ್ಚು ಬಾಗಿಸಿ ಕೂರಿಸದಿದ್ರೆ ಎರಡೂ ತುದಿ ಎದ್ದು ನಿಲ್ತದೆ. ಸಾಮಾನ್ಯ ನಿಪ್ಪರಿನ ಬಾಯಿ ಅದನ್ನು ಕತ್ತರಿಸಿ ಕತ್ತರಿಸಿ ಹಲ್ಲು ಹೋಗ್ತದೆ, ಫೈಲ್ ಬೇಗ ಮೊಂಡಾಗ್ತದೆ, ಪಾಲಿಶಿಗೆ ಎರಡು ಪಟ್ಟು ಹೊತ್ತು ಬೇಕು, ತುದಿ ಸರಿಯಾಗಿ ಉರುಟು ಮಾಡದಿದ್ರೆ ಕೈಗೆ ಗೀರ್ತದೆ, ಅದು ನಿಕಲ್ ಸಿಲ್ವರಿನ ಹಾಗೆ ಆಮೇಲೆ ಸವೆದು ಸರಿ ಆಗುದೂ ಇಲ್ಲ. ಕೆಲ್ಸದವರು ಇದಕ್ಕೆ ಹೆಚ್ಚು ಹಣ ಕೇಳಿದ್ರೆ ಅದು ನ್ಯಾಯವೇ, ವೈರಿನ ಬೆಲೆ ದೊಡ್ಡದಲ್ಲ, ಹೊತ್ತು ಮತ್ತೆ ಟೂಲ್ ಹೋಗುದು ದೊಡ್ಡದು.

ಅದಕ್ಕೇ ನಾನು ಎಲ್ಲರಿಗೂ ಹೇಳುದು ಇಷ್ಟೇ: ಮೊದ್ಲು ಕೆಲ್ಸ ಮಾಡುವವರನ್ನು ಹುಡ್ಕಿ, ಆಮೇಲೆ ಲೋಹ. ಒಳ್ಳೇ ಕೈಯವರು ಹಾಕಿದ ನಿಕಲ್ ಸಿಲ್ವರ್, ಅಭ್ಯಾಸ ಇಲ್ಲದವರು ಬಡಿದ ಸ್ಟೇನ್‌ಲೆಸ್ಸಿಗಿಂತ ಯಾವತ್ತೂ ಮೇಲು. ಮಂಗಳೂರಿಗೋ ಕಣ್ಣೂರಿಗೋ ಬೆಂಗಳೂರಿಗೋ ಕೊಡುವ ಮೊದ್ಲು, ಅವರು ಸ್ಟೇನ್‌ಲೆಸ್ ಹಾಕಿದ ಒಂದು ಗಿಟಾರ್ ಕೈಗೆ ಕೊಡಿ ಅಂತ ಕೇಳಿ, ನೆಕ್ಕಿನ ಎರಡೂ ಬದಿಯಲ್ಲಿ ಅಂಗೈ ಸವರಿ ನೋಡಿ, ಪ್ರತಿ ಫ್ರೆಟ್ಟಲ್ಲೂ ಒಂದನೇ ತಂತಿಯನ್ನು ಪೂರ್ತಿ ಒಂದು ಸ್ವರ ಎಳೆದು ನೋಡಿ, ಎಲ್ಲಾದ್ರೂ ಸದ್ದು ಸತ್ರೆ ಲೆವೆಲ್ ಸರಿ ಇಲ್ಲ ಅಂತ ಅರ್ಥ.

ಹಾಗಾದ್ರೆ ಇವೊ ಗೋಲ್ಡ್ ಯಾರಿಗೆ?

ಸ್ಟೇನ್‌ಲೆಸ್ ಮಾಡುವವರು ಸಿಕ್ಕದೆ ಇರುವವರಿಗೆ, ಆದ್ರೆ ನಿಕಲ್ ಸಿಲ್ವರಿಗಿಂತ ಬಾಳಿಕೆ ಬೇಕು ಅನ್ನುವವರಿಗೆ. ಸಾಮಾನ್ಯ ಟೂಲಲ್ಲಿಯೇ ಕೆಲ್ಸ ಆಗ್ತದೆ. ಮತ್ತೆ ನಿಕಲ್ ಮುಟ್ಟಿದ್ರೆ ಚರ್ಮ ತುರಿಸುವವರಿಗೆ ಇದೇ ಸರಿ, ಯಾಕಂದ್ರೆ ಸ್ಟೇನ್‌ಲೆಸ್ಸಲ್ಲೂ ಸಾಮಾನ್ಯವಾಗಿ ಒಂದಷ್ಟು ನಿಕಲ್ ಇರ್ತದೆ, ಅದು ಹೊರಗೆ ಬಿಡುದು ಬಹಳ ಕಮ್ಮಿ ಅಷ್ಟೇ. ಅಂಥವರು ಸ್ಟ್ರಿಂಗನ್ನೂ ನೋಡ್ಬೇಕು, ಎಲೆಕ್ಟ್ರಿಕ್ ಗಿಟಾರಿನ ಸುತ್ತು ತಂತಿಗೆ ಸಾಮಾನ್ಯವಾಗಿ ನಿಕಲ್ ಲೇಪ ಇರ್ತದೆ, ಬೆರಳು ಹೆಚ್ಚು ಮುಟ್ಟುದು ಫ್ರೆಟ್ಟನ್ನಲ್ಲ, ಅದನ್ನೇ.

ನನ್ನ ಗಿಟಾರಲ್ಲಿ ಈಗ ಯಾವ ಫ್ರೆಟ್ ಉಂಟು ಅಂತ ಹೇಗೆ ಗೊತ್ತಾಗುದು?

ಮಂಕಾದಾಗ ಒಂಚೂರು ಹಳದಿ ಕಂಡ್ರೆ ನಿಕಲ್ ಸಿಲ್ವರ್. ವರ್ಷ ಆದ್ರೂ ಬಿಳಿ ಹೊಳಪು ಇದ್ರೆ ಸ್ಟೇನ್‌ಲೆಸ್. ಮ್ಯಾಗ್ನೆಟ್ ಹಿಡಿದು ನೋಡುದನ್ನು ನಂಬ್ಬೇಡಿ, ಫ್ರೆಟ್ಟಿಗೆ ಬಳಸುವ ಸ್ಟೇನ್‌ಲೆಸ್ ಹೆಚ್ಚಾಗಿ ಅಂಟುದಿಲ್ಲ, ಅಂಟಿದ್ರೂ ತುಂಬ ಮೆಲ್ಲ. ಪಿಕಪ್ಪಿಗೂ ಅದ್ರಿಂದ ಏನೂ ಆಗುದಿಲ್ಲ. ಕಂಪೆನಿಯಿಂದಲೇ ಸ್ಟೇನ್‌ಲೆಸ್ ಹಾಕಿ ಬರುವ ಗಿಟಾರೂ ಉಂಟು, 1993ರಲ್ಲಿ ಬಂದ ಪಾರ್ಕರ್ ಫ್ಲೈ ಆ ಕಾಲಕ್ಕೆ ದೊಡ್ಡ ಹೆಜ್ಜೆ, ಅದ್ರಲ್ಲಿ ಟ್ಯಾಂಗೇ ಇಲ್ಲ, ಫ್ರೆಟ್ಟನ್ನು ಬೋರ್ಡಿಗೆ ಅಂಟಿಸಿದ್ದು. ಈಗ ಸರ್ (Suhr) ಕಂಪೆನಿಯ ಗಿಟಾರು, ಇಬಾನೆಜ್ ಎಜ಼ೆಡ್ ಪ್ರೆಸ್ಟೀಜ್ ಇದ್ರಲ್ಲೆಲ್ಲ ಸ್ಟೇನ್‌ಲೆಸ್ ಬರ್ತದೆ.

ಗುಳಿ ಬಿದ್ದಿದೆ, ಕೂಡ್ಲೇ ರಿಫ್ರೆಟ್ (ಹಳೇ ಫ್ರೆಟ್ ಕಿತ್ತು ಹೊಸದು ಹಾಕುದು) ಮಾಡಿಸ್ಬೇಕಾ?

ಬೇಡ, ಮೊದ್ಲು ಲೆವೆಲ್ ಮತ್ತೆ ಕ್ರೌನ್ ಮಾಡಿಸಿ. ಎಲ್ಲ ಫ್ರೆಟ್ಟನ್ನು ಒಂದೇ ಮಟ್ಟಕ್ಕೆ ಉಜ್ಜಿ, ತಲೆ ಮತ್ತೆ ಉರುಟು ಮಾಡಿ, ಪಾಲಿಶ್ ಮಾಡುದು. ಸಾಮಾನ್ಯ ಎತ್ತರದ ಫ್ರೆಟ್ಟಲ್ಲಿ ಎರಡು ಮೂರು ಸಲ ಹೀಗೆ ಮಾಡ್ಲಿಕ್ಕೆ ಲೋಹ ಇರ್ತದೆ. ಎತ್ತರ 0.6 ಮಿ.ಮೀ.ಗಿಂತ ಕೆಳಗೆ ಬಂತು ಅಂದ್ರೆ ಆಗ ರಿಫ್ರೆಟ್ ಯೋಚಿಸಿ. ಮನೆಯಲ್ಲಿ ಸ್ಟೀಲ್ ವೂಲಿಂದ ಪಾಲಿಶ್ ಮಾಡುವವರು ಪಿಕಪ್ಪಿಗೆ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಮಾಡಿ, ಆ ಕಬ್ಬಿಣದ ಹುಡಿ ಮ್ಯಾಗ್ನೆಟ್ಟಿಗೆ ಹಿಡಿದ್ರೆ ತೆಗೆಯುದು ದೊಡ್ಡ ತಲೆಬೇನೆ.

ಮೊದ್ಲ ಐದು ಫ್ರೆಟ್ ಮಾತ್ರ ಸ್ಟೇನ್‌ಲೆಸ್ ಮಾಡಿದ್ರೆ ಖರ್ಚು ಉಳೀತದಲ್ಲ?

ಉಳೀತದೆ, ಆದ್ರೆ ನಾನು ಒಪ್ಪುದಿಲ್ಲ. ಎರಡು ಲೋಹ ಎರಡು ವೇಗದಲ್ಲಿ ಸವೆಯುದ್ರಿಂದ ಒಂದೆರಡು ವರ್ಷದಲ್ಲಿ ನಿಕಲ್ ಸಿಲ್ವರಿನ ಫ್ರೆಟ್ ತಗ್ಗಿ, ಸ್ಟೇನ್‌ಲೆಸ್ಸಿನದ್ದು ಹಾಗೇ ನಿಂತು, ಮಟ್ಟ ತಪ್ಪುತ್ತದೆ. ಭಾಗ ಮಾತ್ರ ಬದ್ಲಿಸುದಾದ್ರೆ ಮೊದ್ಲಿದ್ದ ಲೋಹವನ್ನೇ ಹಾಕಿಸಿ. ಜೀರೋ ಫ್ರೆಟ್ (ಒಂದನೇ ಫ್ರೆಟ್ಟಿಗೂ ಮೊದ್ಲು, ನೆಕ್ಕಿನ ತುದಿಯಲ್ಲಿರುವ ಫ್ರೆಟ್) ಇರುವ ಗಿಟಾರಲ್ಲಿ ಆ ಒಂದನ್ನು ಮಾತ್ರ ಸ್ಟೇನ್‌ಲೆಸ್ ಮಾಡುದು ಒಳ್ಳೆದು, ಓಪನ್ ತಂತಿಯ ಭಾರ ಎಲ್ಲ ಯಾವಾಗ್ಲೂ ಅದ್ರ ಮೇಲೆಯೇ ಇರುದು.

ಬೇಸ್ ಗಿಟಾರಿಗೆ?

ಸ್ಟೇನ್‌ಲೆಸ್ ರೌಂಡ್‌ವೌಂಡ್ (ಉರುಟು ಸುತ್ತಿನ) ತಂತಿ ಹಾಕುವವರಾದ್ರೆ ಫ್ರೆಟ್ಟೂ ಸ್ಟೇನ್‌ಲೆಸ್. ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ ನುಣುಪು ತಂತಿ) ಆದ್ರೆ ನಿಕಲ್ ಸಿಲ್ವರ್ ಸಾಕು.

ದುಬೈಗೆ ತಗೊಂಡು ಹೋದ ಮೇಲೆ ಫ್ರೆಟ್ಟಿನ ತುದಿ ಹೊರಗೆ ಬಂದು ಕೈ ಕೊಯ್ತದೆ. ಲೋಹ ಕಳಪೆಯಾ?

ಲೋಹದ ತಪ್ಪೇ ಅಲ್ಲ. ಇಲ್ಲಿಯ ತೇವದಲ್ಲಿ ಮರ ನೀರು ಹೀರಿ ಉಬ್ಬಿರ್ತದೆ, ಅಲ್ಲಿ ಎಸಿ ರೂಮಲ್ಲಿ ಒಣಗಿ ಅಗಲದಲ್ಲಿ ಕುಗ್ಗುತ್ತದೆ. ಫ್ರೆಟ್ಟಿನ ಉದ್ದ ಮಾತ್ರ ಬದ್ಲುದಿಲ್ಲ, ಹಾಗಾಗಿ ತುದಿ ಹೊರಗೆ ಇಣುಕ್ತದೆ. ಯಾವ ಲೋಹ ಆದ್ರೂ ಇದು ಆಗ್ತದೆ, ಸ್ಟೇನ್‌ಲೆಸ್ ಆದ್ರೆ ಗೀರುದು ಇನ್ನೂ ಜೋರು. ಹೋದ ಕೂಡ್ಲೇ ಅರ ಹಾಕಿ ಉಜ್ಜಲಿಕ್ಕೆ ಹೋಗ್ಬೇಡಿ, ಒಂದೆರಡು ತಿಂಗಳು ಮರ ಅಲ್ಲಿಯ ಹವೆಗೆ ಹೊಂದ್ಲಿ, ಆಮೇಲೆ ಒಮ್ಮೆ ತುದಿ ಉಜ್ಜಿಸಿದ್ರೆ ಸಾಕು. ಕೇಸಿನೊಳಗೆ ತೇವ ಕೊಡುವ ಪೊಟ್ಟಣ ಸಿಗ್ತದೆ, ಅಲ್ಲಿಗೆ ಅದು ಬೇಕು. ಊರಲ್ಲಿ ಬಳಸುವ ಸಿಲಿಕಾ ಜೆಲ್ಲನ್ನು ಅಲ್ಲಿ ತೆಗೆದಿಡಿ.

ಮಳೆಗಾಲದಲ್ಲಿ ರಿಫ್ರೆಟ್ ಮಾಡಿಸ್ಬಹುದಾ?

ಪ್ರೋಗ್ರಾಂ ಇಲ್ಲ, ಗಿಟಾರ್ ಸುಮ್ನೆ ಉಂಟು ಅಂತ ಹೆಚ್ಚಿನವರು ಜುಲೈಯಲ್ಲೇ ತರುದು. ಆಗ ಮರ ಪೂರ್ತಿ ಉಬ್ಬಿರ್ತದೆ, ಆ ಸ್ಥಿತಿಯಲ್ಲಿ ಲೆವೆಲ್ ಮಾಡಿದ್ದು ಮಾರ್ಚ್ ಬಿಸಿಲಿಗೆ ಬದ್ಲುತ್ತದೆ, ನೆಕ್ಕಿನ ಬಾಗು ಬೇರೆ ಆಗ್ತದೆ, ತುದಿಯೂ ಹೊರಗೆ ಬರ್ತದೆ. ಡಿಸೆಂಬರಿಂದ ಫೆಬ್ರವರಿ ಒಳಗೆ ಮಾಡಿಸಿ. ಆಗಲೂ ಕೊಟ್ಟ ದಿನವೇ ಶುರು ಮಾಡುದು ಬೇಡ ಅಂತ ಹೇಳಿ, ಹಳೇ ಫ್ರೆಟ್ ಕೀಳುವ ಮೊದ್ಲು ಒಂದು ವಾರ ಅವರ ರೂಮಲ್ಲೇ ಇರ್ಲಿ. ಕೀಳುವಾಗ ಸೋಲ್ಡರಿಂಗ್ ಐರನ್ನಿಂದ ಫ್ರೆಟ್ ಬಿಸಿ ಮಾಡಿಯೇ ಎತ್ತಬೇಕು, ಇಲ್ಲದಿದ್ರೆ ರೋಸ್‌ವುಡ್ಡಿನ ಚಕ್ಕೆ ಹಾರ್ತದೆ, ಲ್ಯಾಕರ್ ಹಾಕಿದ ಮೇಪಲ್ ಬೋರ್ಡಾದ್ರೆ ಬ್ಲೇಡಿಂದ ಫ್ರೆಟ್ಟಿನ ಬದಿಯನ್ನು ಮೊದ್ಲು ಗೀರಿಕೊಳ್ಬೇಕು. ಇದನ್ನು ಮಾಡ್ತೀರಾ ಅಂತ ಮೊದ್ಲೇ ಕೇಳಿ. ಮತ್ತೆ ಹೊಸ ಫ್ರೆಟ್ ಹಳೇದಕ್ಕಿಂತ ಎತ್ತರ ಆದ್ರೆ ನಟ್ಟೂ (ನೆಕ್ಕಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹೊಸದು ಬೇಕಾಗ್ತದೆ, ಆ ಖರ್ಚನ್ನು ಲೆಕ್ಕದಲ್ಲಿ ಸೇರಿಸಿಯೇ ರೇಟ್ ಮಾತಾಡಿ.